ನಿಧನ ವಾರ್ತೆಯ ಪುಟದಲ್ಲಿ ಹಳೆಯ ಗೆಳೆಯರನ್ನು ಹುಡುಕುವುದು ರೋಗವೇ?

ಅರವತ್ತು ದಾಟಿದ ಮೇಲೆ ಪತ್ರಿಕೆ ಕೈಗೆ ಬಂದ ಕೂಡಲೇ ನಿಧನ ವಾರ್ತೆಯ ಪುಟ ತೆರೆಯುತ್ತೇನೆ, ಹಳೆಯ ಗೆಳೆಯರ ಹೆಸರಿದೆಯೇ ಎಂದು ನೋಡುತ್ತೇನೆ, ಇದು ರೋಗವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನನಗೆ ಎಪ್ಪತ್ತು ದಾಟಿದೆ, ನಾನೂ ಅದನ್ನೇ ಮಾಡುತ್ತೇನೆ. ಜೊತೆಗೆ ಓದಿದವರು, ಜೊತೆಗೆ ದುಡಿದವರು ಈಗೆಲ್ಲಿದ್ದಾರೆ ಎಂದು ತಿಳಿಯುವ ದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ಫೋನ್ ನಂಬರ್ ಬದಲಾಗಿರುತ್ತದೆ, ಮನೆ ಬದಲಾಗಿರುತ್ತದೆ. ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ಮುಟ್ಟಿಸುತ್ತಿದ್ದ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ ಅಲ್ವಾ? ಅವನು ಹೋದರೆ ಅವನೊಬ್ಬನೇ ಹೋಗುವುದಿಲ್ಲ, ಬದುಕಿರುವ ಎಷ್ಟೋ ಜನರ ಸುದ್ದಿಯೂ ನಿಂತುಹೋಗುತ್ತದೆ. ಆಮೇಲೆ ಉಳಿಯುವುದು ಈ ಪುಟವೇ.

ಆದರೆ ಆ ಪುಟವನ್ನು ಪೂರ್ತಿ ನಂಬಬೇಡಿ. ಅದನ್ನು ಬರೆಯುವವರು ಮನೆಯವರು. ನಾವು ಕರೆಯುತ್ತಿದ್ದ ಅಡ್ಡಹೆಸರು ಅಲ್ಲಿರುವುದಿಲ್ಲ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಗೆಳತಿಯ ಸುದ್ದಿ ಕಣ್ಣೆದುರೇ ಇದ್ದರೂ ಗೊತ್ತಾಗುವುದಿಲ್ಲ. ಫೋಟೋ ಇತ್ತೀಚಿನದು, ನಮಗೆ ನೆನಪಿರುವುದು ಇಪ್ಪತ್ತರ ಮುಖ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ, ಆದ್ದರಿಂದ ವಯಸ್ಸು, ಹುಟ್ಟಿದ ಊರು, ಮಾಡಿದ ಕೆಲಸ ಹೊಂದುತ್ತದೆಯೇ ನೋಡಿ. ಇನ್ನು ಎಷ್ಟೋ ಸಾವುಗಳು ಅಚ್ಚಾಗುವುದೇ ಇಲ್ಲ.

ನನ್ನನ್ನು ಜಾಸ್ತಿ ಕಾಡುವುದು ಸಾವಿನ ಸುದ್ದಿಯಲ್ಲ, ಅದರ ಕೆಳಗಿನ ನಾಲ್ಕು ಸಾಲು. ಲೆಕ್ಕದಲ್ಲಿ ಹಿಂದಿದ್ದ ಹುಡುಗ ಮೇಷ್ಟ್ರಾಗಿ ನಿವೃತ್ತನಾಗಿರುತ್ತಾನೆ. ಬಾಯಿ ಬಿಡದ ಹುಡುಗಿ ಒಂದು ದೊಡ್ಡ ಸಂಸ್ಥೆ ನಡೆಸಿರುತ್ತಾಳೆ. ಇಷ್ಟೆಲ್ಲ ಆಗುವಾಗ ಅವರು ಒಂದು ಫೋನ್ ಕರೆಯಷ್ಟು ದೂರದಲ್ಲಿದ್ದರಲ್ಲ ಅನಿಸುತ್ತದೆ. ಆ ಸಂಕಟವನ್ನು ಮನೆಯಲ್ಲಿ ಹೇಳಿಕೊಂಡರೆ, 'ನಲವತ್ತು ವರ್ಷದಿಂದ ಮಾತೇ ಆಡಿಲ್ಲ, ಈಗ ಯಾಕೆ ಇಷ್ಟು ಬೇಜಾರು?' ಎನ್ನುತ್ತಾರೆ. ಹೀಗೆ ಸುತ್ತಲಿನವರು ದುಃಖವೆಂದೇ ಒಪ್ಪದ ದುಃಖದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನ್ನೆತ್ ಡೋಕಾ 1989ರಲ್ಲೇ ಒಂದು ಪುಸ್ತಕ ಹೊರತಂದರು. ರಕ್ತಸಂಬಂಧ ಇಲ್ಲದಿದ್ದರೆ ಅಳುವ ಹಕ್ಕೂ ಇಲ್ಲ ಎಂಬಂತೆ ಜನ ನಡೆದುಕೊಳ್ಳುತ್ತಾರೆ. ನಿಮಗೆ ಅಳು ಬಂದರೆ ಅತ್ತುಬಿಡಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ವಯಸ್ಸಾದಂತೆ ಗೆಳೆಯರ ಬಳಗ ಚಿಕ್ಕದಾಗುವುದು ಸಹಜ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಮುಂದಿರುವ ಕಾಲ ಕಡಿಮೆ ಎಂದು ತಿಳಿದಾಗ ಜನ ಸುಮ್ನೆ ಪರಿಚಯದವರನ್ನು ಬಿಟ್ಟು, ಮನಸ್ಸಿಗೆ ಹತ್ತಿರವಾದವರನ್ನು ಉಳಿಸಿಕೊಳ್ಳುತ್ತಾರೆ ಎನ್ನುತ್ತಾರೆ ಅವರು. ಸರಿಯೇ. ಆದರೆ ಕೆಲವರನ್ನು ನಾವು ಬಿಟ್ಟದ್ದಲ್ಲ, ವರ್ಗಾವಣೆ, ಸಂಸಾರ ಅಂತ ತಾವಾಗಿಯೇ ತಪ್ಪಿಹೋದವರು. ಅವರನ್ನು ಹುಡುಕಲೇಬೇಕು.

ಹಾಗಾಗಿ ಪುಟ ನೋಡುವುದನ್ನು ಬಿಡಬೇಡಿ. ಗುರುತಿನ ಹೆಸರು ಕಂಡರೆ ಮನೆಯವರಿಗೆ ಬರೆಯಿರಿ. 'ತೀವ್ರ ಸಂತಾಪಗಳು' ಬೇಡ, ಅವರಿಗೆ ಗೊತ್ತಿಲ್ಲದ ಒಂದು ಘಟನೆ ಬರೆಯಿರಿ. ಮಕ್ಕಳು ತಮ್ಮ ಅಪ್ಪನನ್ನು ಇಪ್ಪತ್ತರ ವಯಸ್ಸಿನಲ್ಲಿ ನೋಡಿಲ್ಲ, ನೀವು ನೋಡಿದ್ದೀರಿ. ಅದೇ ದಿನ, ಅವನನ್ನು ಬಲ್ಲ, ಇನ್ನೂ ಬದುಕಿರುವ ಒಬ್ಬರಿಗೆ ಫೋನ್ ಮಾಡಿ. ಎಷ್ಟೋ ವರ್ಷದ ಮೌನಕ್ಕೆ ವಿವರಣೆ ಯಾರೂ ಕೇಳುವುದಿಲ್ಲ. 'ಅವನ ಸುದ್ದಿ ಓದಿದೆ, ನಿನ್ನ ನೆನಪಾಯಿತು' ಅಂದರೆ ಸಾಕು. ಆ ಕರೆಗಳು ಬೇಗ ಮುಗಿಯುವುದೇ ಇಲ್ಲ, ನೋಡಿ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ನಾಳೆ ನಿಮ್ಮ ಸುದ್ದಿ ಯಾರಿಗೆ ತಿಳಿಸಬೇಕು ಎಂದು ಮನೆಯವರಿಗೆ ಗೊತ್ತಿರುವುದಿಲ್ಲ, ನಿಮ್ಮ ಫೋನ್ ಲಾಕ್ ಆಗಿರುತ್ತದೆ. ನಮ್ಮ ನಂತರ ಖಾತೆ ನೋಡಿಕೊಳ್ಳುವವರನ್ನು ಮೊದಲೇ ಹೆಸರಿಸುವ ಸೌಲಭ್ಯವನ್ನು ಫೇಸ್‌ಬುಕ್ 2015ರಲ್ಲಿ ತಂದಿತು. ಅದನ್ನು ಮಾಡಿಡಿ, ಆದರೆ ನನಗೆ ಕಾಗದದ ಮೇಲೇ ಹೆಚ್ಚು ನಂಬಿಕೆ. ಹೆಸರು, ನಂಬರ್, ಹೇಗೆ ಪರಿಚಯ ಎಂದು ಬರೆದು ಮನೆಯ ಒಬ್ಬರ ಕೈಗೆ ಕೊಡಿ. ಕೊಡುವ ಮೊದಲು ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ, ಈಗಲೂ ಅವರದೇ ಹೌದೋ ಅಲ್ಲವೋ ನೋಡಿಕೊಳ್ಳಿ.