ಟ್ರೇಲರ್‌ನ ತೂತು, ಅದರ ಹಿಂದಿನ ಥರ್ಮಾಕೋಲ್

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ಹತ್ತು ತಿಂಗಳು, ಒಹಾಯೊದಲ್ಲಿ ಬಾಡಿಗೆ ಮನೆ, ಹಳೇ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಒಂದು ಕಡಿಮೆಗೆ ಸಿಕ್ಕಿತು ಅಂತ ತಗೊಂಡಿರಿ. ಡ್ರೈವ್‌ವೇನಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ ಹಿಂದಿನ ಬಲಮೂಲೆ ಕಂಬಕ್ಕೆ ಬಡಿದು ಫೈಬರ್‌ಗ್ಲಾಸ್ ಒಡೆಯಿತು. ಮುಷ್ಟಿ ಹೋಗುವಷ್ಟು ತೂತು, ಒಳಗೆ ಬಿಳಿ ಥರ್ಮಾಕೋಲ್ ಕಾಣುತ್ತಿದೆ. ಅಂಗಡಿಯವರು ಕೊಟ್ಟ ಎಸ್ಟಿಮೇಟ್ ನೀವು ಟ್ರೇಲರ್‌ಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ. "ಅಕ್ಕ, ಇಲ್ಲಿ ಎಲ್ಲಾನೂ ನಾವೇ ಮಾಡ್ಕೋಬೇಕಾ? ಇದನ್ನ ನಾನೇ ಮಾಡಬಹುದಾ?" ಅಂತ ಕೇಳಿದ್ದೀರಿ.

ನೀವೇ ಮಾಡಬಹುದು. ಮೊದಲ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಯಾಕಂದ್ರೆ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: ಮೂರು ವಾರದಿಂದ ಹಾಗೇ ನಿಂತಿದೆ, ನಡುವೆ ಎರಡು ಸಲ ಜೋರು ಮಳೆ ಬಂತು. ನನಗೆ ಗಾಬರಿಯಾಗಿದ್ದು ತೂತಿಗಲ್ಲ, ಆ ಮಳೆಗೆ.

ಇವತ್ತು ಸಂಜೆಯೇ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು ತೂತಿನ ಮೇಲೆ ಇಳಿಬಿಡಿ. ಮೇಲಿನ ಅಂಚಿಗೂ ಎರಡು ಪಕ್ಕಕ್ಕೂ ಟೇಪ್ ಹಚ್ಚಿ. ಕೆಳಗಡೆ ಹಾಗೇ ಬಿಡಿ. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದರೆ ಒಳಗೆ ಸೇರಿದ ನೀರು ಅಲ್ಲೇ ಕೂತು ಕೊಳೆಯುತ್ತದೆ. ಬಿಸಿಲಿದ್ದ ದಿನ ಹಾಳೆ ಎತ್ತಿ ಕಟ್ಟಿ. ಮತ್ತೆ ದಯವಿಟ್ಟು ಸಿಲಿಕಾನ್ ಟ್ಯೂಬ್ ಮುಟ್ಟಬೇಡಿ. ಸಿಲಿಕಾನ್ ಒಮ್ಮೆ ಬಿದ್ದ ಜಾಗದಲ್ಲಿ ಬಣ್ಣವೂ ನಿಲ್ಲುವುದಿಲ್ಲ, ತೇಪೆ ಹಾಕುವ ಅಂಟುದ್ರವ, ಅಂದ್ರೆ ರೆಸಿನ್, ಕೂಡ ಹಿಡಿಯುವುದಿಲ್ಲ. ಹಿಂದಿನ ಮಾಲೀಕರು ಕಿಟಕಿ ಸುತ್ತ ಬಳಿದ ಸಿಲಿಕಾನ್ ಕೆರೆದು ಕೆರೆದು ನನ್ನ ಉಗುರು ಸವೆದಿದೆ.

ಇನ್ಶೂರೆನ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಕಾರಿನ ಪಾಲಿಸಿ ಇದೆಯಲ್ಲ ಅಂದುಕೊಂಡಿರಬಹುದು. ಟ್ರೇಲರ್ ಎಳೆಯುವಾಗ ನೀವು ಬೇರೆಯವರಿಗೆ ಮಾಡಿದ ನಷ್ಟಕ್ಕೆ ಸಾಮಾನ್ಯವಾಗಿ ಅದು ಬರುತ್ತದೆ. ಟ್ರೇಲರ್‌ಗೇ ಆದ ನಷ್ಟಕ್ಕೆ ಬೇರೆ ಕವರೇಜ್ ಬೇಕು. ಅದರಲ್ಲೂ ಕೊಂಬೆ ಬಿದ್ದರೆ, ಆಲಿಕಲ್ಲು ಹೊಡೆದರೆ ಕಾಂಪ್ರಹೆನ್ಸಿವ್. ನೀವೇ ಕಂಬಕ್ಕೆ ಗುದ್ದಿದರೆ ಕೊಲಿಷನ್. ಡಿಡಕ್ಟಿಬಲ್, ಅಂದ್ರೆ ಮೊದಲು ನಿಮ್ಮ ಕೈಯಿಂದ ಹೋಗುವ ದುಡ್ಡು, ಎಷ್ಟು ಅಂತ ನೋಡದೆ ಫೋನ್ ಎತ್ತಬೇಡಿ. ಇನ್ನೊಂದು, ಬಾಡಿಗೆ ಕರಾರನ್ನು ಓದಿ. ಆ ಬಡಾವಣೆಗೆ ಎಚ್‌ಒಎ (ಮನೆ ಮಾಲೀಕರ ಸಂಘ) ಇದ್ದರೆ ಅದರ ನಿಯಮವನ್ನೂ ಓದಿ. ಡ್ರೈವ್‌ವೇನಲ್ಲಿ ಟ್ರೇಲರ್ ನಿಲ್ಲಿಸುವುದಕ್ಕೇ ತಕರಾರು ಮಾಡುವ ಕಡೆ ಬಹಳ ಇವೆ. ಉಜ್ಜಿ ಧೂಳೆಬ್ಬಿಸಿದರೆ ಕಾಗದ ಬರುವುದು ಗ್ಯಾರಂಟಿ. ನನಗೆ ಎರಡು ಬಂದಿವೆ.

ಈಗ ಗೋಡೆಗೆ ಬರೋಣ. ಫೈಬರ್‌ಗ್ಲಾಸ್ ಟ್ರೇಲರ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಮೊಟ್ಟೆಯ ಹಾಗೆ ದುಂಡಗಿರುವ ಸಣ್ಣ ಟ್ರೇಲರ್‌ಗಳನ್ನು ನೋಡಿರಬಹುದು. ಅವುಗಳ ಮೈ ಅಚ್ಚಿನಲ್ಲಿ ರೂಪಿಸಿದ ಗಟ್ಟಿ ಫೈಬರ್‌ಗ್ಲಾಸ್, ದೋಣಿಯ ಹಾಗೆ. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್ ಆ ಜಾತಿಯದು. ಮಿನೆಸೋಟದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ ಕೂಡ ಹಾಗೇ. ನಿಮ್ಮದು ಅದಲ್ಲ. ಥರ್ಮಾಕೋಲ್ ಕಾಣುತ್ತಿದೆ ಅಂದಿದ್ದರಿಂದ ಗೊತ್ತಾಯಿತು. ನಿಮ್ಮ ಗೋಡೆ ಸ್ಯಾಂಡ್‌ವಿಚ್ ಥರ. ಹೊರಗಡೆ ಒಂದೂವರೆ ಎರಡು ಮಿಲಿಮೀಟರಿನ ಫೈಬರ್‌ಗ್ಲಾಸ್ ಪದರ, ಅದರ ಹಿಂದೆ ಲುವಾನ್ ಅನ್ನುವ ತೆಳು ಪ್ಲೈವುಡ್, ಅದರ ಹಿಂದೆ ಥರ್ಮಾಕೋಲ್, ನಡುನಡುವೆ ಅಲ್ಯೂಮಿನಿಯಂ ಚೌಕಟ್ಟು. ಎಲ್ಲವನ್ನೂ ಅಂಟಿಸಿ ಒತ್ತಿರುತ್ತಾರೆ. ಕೆಲವು ಹೊಸ ಟ್ರೇಲರ್‌ಗಳಲ್ಲಿ ಲುವಾನ್ ಬದಲು ಆಜ್‌ಡೆಲ್ ಅನ್ನುವ ಕೊಳೆಯದ ಹಾಳೆ ಇರುತ್ತದೆ. ನಿಮ್ಮದು ಹಳೇದು, ಲುವಾನ್ ಅಂತಲೇ ಲೆಕ್ಕ ಹಾಕಿ. ಆ ಪ್ಲೈವುಡ್ ನೀರು ಕುಡಿದರೆ ಅಂಟು ಬಿಡುತ್ತದೆ, ಹೊರಪದರ ಹಪ್ಪಳದ ಹಾಗೆ ಉಬ್ಬುತ್ತದೆ. ಇಲ್ಲಿನವರು ಅದಕ್ಕೆ ಡಿಲ್ಯಾಮಿನೇಷನ್ ಅನ್ನುತ್ತಾರೆ. ಮೇಲೆ ಚಳಿಗಾಲ. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಇವತ್ತಿನ ಮುಷ್ಟಿ ತೂತು ಮಾರ್ಚ್ ಹೊತ್ತಿಗೆ ಬಾಗಿಲಿನಷ್ಟು ಉಬ್ಬು ಆಗಬಹುದು.

ಇದೆಲ್ಲ ನನಗೆ ಹುಟ್ಟುತ್ತಲೇ ಗೊತ್ತಿತ್ತಾ? ಇಲ್ಲ. 2012ರಲ್ಲಿ ಮಿಶಿಗನ್‌ನ ನಮ್ಮ ಮನೆ ಪಕ್ಕ ನಿಲ್ಲಿಸಿದ್ದ ಟ್ರೇಲರ್ ಮೇಲೆ ಗಾಳಿಮಳೆಗೆ ಕೊಂಬೆ ಮುರಿದು ಬಿತ್ತು. ಪಕ್ಕದ ಗೋಡೆ ಒಡೆಯಿತು, ನಿಮ್ಮದರಂತೆಯೇ. ನಾನು ಜಾಣೆ ಅಂದುಕೊಂಡು ಅಂಗಡಿಯಿಂದ ದೋಣಿ ರಿಪೇರಿ ಕಿಟ್ ತಂದೆ. ಪಾಲಿಯೆಸ್ಟರ್ ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಪುಟ್ಟ ಟ್ಯೂಬ್, ಒಂದು ತುಂಡು ಫೈಬರ್ ಬಟ್ಟೆ. ಬೆರೆಸಿ ತೂತಿನೊಳಗೆ ಧಾರಾಳವಾಗಿ ಬಳಿದೆ. ಐದು ನಿಮಿಷ ಆಗಿರಬೇಕು, ಒಳಗಿಂದ ಚಿರಚಿರ ಅಂತ ಸಣ್ಣ ಸದ್ದು. ಬಗ್ಗಿ ನೋಡಿದರೆ ಥರ್ಮಾಕೋಲ್ ಬಿಸಿಲಿಗೆ ಇಟ್ಟ ಬೆಣ್ಣೆಯ ಹಾಗೆ ಕುಸಿಯುತ್ತಿದೆ! ನಾನು ಗಾಬರಿಯಾಗಿ ಇನ್ನಷ್ಟು ರೆಸಿನ್ ಸುರಿದೆ. ಅದು ಇನ್ನಷ್ಟು ಕರಗಿತು. ಸಾಯಂಕಾಲಕ್ಕೆ ಮುಷ್ಟಿ ತೂತಿನ ಹಿಂದೆ ಕುಂಬಳಕಾಯಿ ಹಿಡಿಸುವಷ್ಟು ಪೊಳ್ಳು.

ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಎಲ್ಲಾ ನೋಡುತ್ತಿದ್ದರಂತೆ. ಅದುವರೆಗೆ ಕೈ ಬೀಸಿದ್ದು ಬಿಟ್ಟರೆ ಮಾತಾಡಿದವರಲ್ಲ. ಬಂದು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, "ಇದು ದೋಣಿ ಅಲ್ಲಮ್ಮ" ಅಂದರು. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಥರ್ಮಾಕೋಲ್ ಅಂದ್ರೆ ಪಾಲಿಸ್ಟೈರೀನ್. ಅದು ಇದನ್ನು ಕರಗಿಸಿಬಿಡುತ್ತದೆ. ಅಸಿಟೋನ್ ಕೂಡ ಅಷ್ಟೇ. ಎಪಾಕ್ಸಿ ಅನ್ನುವ ಇನ್ನೊಂದು ಜಾತಿಯ ರೆಸಿನ್ ಹಾಗೆ ಮಾಡುವುದಿಲ್ಲ. ಆದ್ದರಿಂದ ನಿಮ್ಮ ಗೋಡೆಗೆ ಎಪಾಕ್ಸಿ. ಡಬ್ಬದ ಮೇಲೆ ಎಷ್ಟು ಚಂದದ ದೋಣಿಯ ಚಿತ್ರ ಇದ್ದರೂ ಪಾಲಿಯೆಸ್ಟರ್ ಬೇಡ. ಎಂ-ಸೀಲ್ ಥರದ್ದು ಮೆತ್ತಿದರೆ ಸಾಕಾ ಅಂತ ಕೇಳಿದ್ದಿರಿ. ಅದೂ ಎಪಾಕ್ಸಿಯೇ, ಆದರೆ ಬಟ್ಟೆಯ ಬಲ ಇಲ್ಲದ ಬರೀ ಮುದ್ದೆ ಟ್ರೇಲರ್ ಓಡುವಾಗಿನ ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಕಾರಿಗೆ ಹಚ್ಚುವ ಪುಟ್ಟಿಯ ಕಥೆಯೂ ಅದೇ.

ಕೆಲಸ ಹೀಗೆ. ಮೊದಲು ಕರೆಂಟ್ ಪ್ಲಗ್ ಕಿತ್ತು, ಬ್ಯಾಟರಿ ಬಿಚ್ಚಿ, ಗ್ಯಾಸ್ ಸಿಲಿಂಡರ್ ಮುಚ್ಚಿ. ಗೋಡೆಯೊಳಗೆ ವೈರ್ ಹೋಗಿರಬಹುದು, ಗರಗಸ ಕುರುಡು. ಚಕ್ರಗಳಿಗೆ ಅಡ್ಡ ಇಡಿ. ಮೂಲೆಯ ಸ್ಟೆಬಿಲೈಸರ್ ಜ್ಯಾಕ್‌ಗಳು ಅಲುಗಾಟ ತಡೆಯುವುದಕ್ಕೆ ಮಾತ್ರ, ಅವುಗಳಿಂದ ಟ್ರೇಲರ್ ಎತ್ತಬೇಡಿ.

ಒಡೆದು ಜೋತಾಡುವ ಚೂರುಗಳನ್ನೆಲ್ಲ ಕತ್ತರಿಸಿ ತೂತನ್ನು ಅಂಡಾಕಾರ ಮಾಡಿ. ಚೂಪು ಮೂಲೆ ಉಳಿಸಿದರೆ ಮುಂದಿನ ಬಿರುಕು ಅಲ್ಲಿಂದಲೇ ಶುರು. ಕಪ್ಪಾದ, ಬೆರಳಿಗೆ ಪುಡಿಯಾಗುವ ಪ್ಲೈವುಡ್ ಎಲ್ಲಾ ತೆಗೆಯಿರಿ. ತೂತು ದೊಡ್ಡದಾಗುತ್ತಿದೆ ಅಂತ ಹೊಟ್ಟೆ ಉರಿಯುತ್ತದೆ, ಆದರೂ ತೆಗೆಯಿರಿ. ಆಮೇಲೆ ಒಂದು ಫ್ಯಾನ್ ತೂತಿಗೆ ಮುಖ ಮಾಡಿ ಇಟ್ಟು ದಿನಗಟ್ಟಲೆ ಒಣಗಿಸಿ. ಬಹಳ ಜನ ಇಲ್ಲೇ ಅವಸರಪಟ್ಟು ಕೆಡಿಸಿಕೊಳ್ಳುತ್ತಾರೆ. ಪ್ಲೈವುಡ್‌ಗೆ ಚುಚ್ಚಿ ನೋಡುವ ಮಾಯಿಶ್ಚರ್ ಮೀಟರ್ ಸಿಗುತ್ತದೆ. ಇಲ್ಲಿ ಕೆಲವು ಊರುಗಳ ಲೈಬ್ರರಿಗಳು ಪುಸ್ತಕದ ಜೊತೆ ಇಂಥ ಉಪಕರಣಗಳನ್ನೂ ಎರವಲು ಕೊಡುತ್ತವೆ, ನಿಮ್ಮೂರಲ್ಲಿ ಕೇಳಿ ನೋಡಿ. ಒಣಗುವ ಹೊತ್ತಿನಲ್ಲಿ ಮೇಲಿನ ಮೂಲೆಪಟ್ಟಿಯ ಸ್ಕ್ರೂಗಳು, ಹಿಂದಿನ ಕೆಂಪು ದೀಪ, ಕಿಟಕಿಯ ಅಂಚು ನೋಡಿ. ತುಕ್ಕು ಹಿಡಿದ ಸ್ಕ್ರೂ ಕಂಡರೆ ಆ ನೀರು ಮೂರು ವಾರದ್ದಲ್ಲ, ಮೂರು ವರ್ಷದ್ದು. ಪಟ್ಟಿ ಬಿಚ್ಚಿ, ಹಳೇ ಅಂಟು ಕೆರೆದು, ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟುಪಟ್ಟಿ) ಹಾಕಿ ಮತ್ತೆ ಬಿಗಿಯಿರಿ.

ಒಣಗಿದ ಮೇಲೆ ಅದೇ ದಪ್ಪದ ಥರ್ಮಾಕೋಲ್ ತುಂಡು, ಅದರ ಮೇಲೆ ಹೊಸ ಪ್ಲೈವುಡ್ ತುಂಡು, ಎರಡನ್ನೂ ಮಂದ ಮಾಡಿದ ಎಪಾಕ್ಸಿಯಿಂದ ಕೂರಿಸಿ. ಹೊರಪದರದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಅಂತ ಲೆಕ್ಕ. ಒಂದೂವರೆ ಮಿಲಿಮೀಟರಿಗೆ ಸುಮಾರು 18 ಮಿಲಿಮೀಟರ್ ಆಯಿತು. ನಾನು ಒಂದು ಇಂಚು ಉಜ್ಜುತ್ತೇನೆ. ಉಜ್ಜುವ ಮೊದಲೇ ಮೈ ತೊಳೆದು ಮೇಣ ತೆಗೆಯಿರಿ, ಇಲ್ಲದಿದ್ದರೆ ಸ್ಯಾಂಡ್‌ಪೇಪರ್ ಆ ಮೇಣವನ್ನೇ ಒಳಗೆ ತುರುಕುತ್ತದೆ. 80 ಗ್ರಿಟ್‌ನ ಒರಟು ಸ್ಯಾಂಡ್‌ಪೇಪರ್ ಸಾಕು, ನುಣುಪಾದರೆ ಹಿಡಿತ ಇರುವುದಿಲ್ಲ. ಆ ಇಳಿಜಾರಿನ ಮೇಲೆ ನೇಯ್ದ ಗ್ಲಾಸ್ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಪದರ ಪದರವಾಗಿ ಹಾಕಿ. ಅಡ್ಡಾದಿಡ್ಡಿ ನಾರಿನ ಮ್ಯಾಟ್ ತರಬೇಡಿ. ಅದರ ಅಂಟು ಸ್ಟೈರೀನ್‌ಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಸಾಮಾನ್ಯವಾಗಿ ಬಗ್ಗುವುದಿಲ್ಲ. ನಾನು ದೊಡ್ಡ ತುಂಡು ಮೊದಲು, ಸಣ್ಣದು ಆಮೇಲೆ ಹಾಕುತ್ತೇನೆ. ಉಲ್ಟಾ ಹಾಕುವವರೂ ಇದ್ದಾರೆ, ಜಗಳ ಬೇಡ.

ಎಪಾಕ್ಸಿಯಲ್ಲಿ ಅಂದಾಜು ನಡೆಯುವುದಿಲ್ಲ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅಂಟಂಟಾಗಿ ಉಳಿದುಬಿಡುತ್ತದೆ. ಡಬ್ಬದ ಮೇಲೆ ಬರೆದ ಅಳತೆಯೇ ಅಳತೆ. ಸ್ವಲ್ಪ ಸ್ವಲ್ಪ ಬೆರೆಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬರುತ್ತದೆ. ನನ್ನ ಕೈಯಲ್ಲಿದ್ದ ಕಾಗದದ ಲೋಟ ಹಿಡಿಯಲಾರದಷ್ಟು ಸುಟ್ಟು, ಹುಲ್ಲಿನ ಮೇಲೆ ಎಸೆದ ಗುರುತು ಆ ಬೇಸಿಗೆಯಿಡೀ ಇತ್ತು. ಸಾಮಾನ್ಯ ಎಪಾಕ್ಸಿಗೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರಬೇಕು, ನೇರ ಬಿಸಿಲೂ ಬೇಡ. ಒಹಾಯೊದಲ್ಲಿ ಅಂಥ ರಾತ್ರಿಗಳು ಸೆಪ್ಟೆಂಬರ್ ಜೊತೆಗೇ ಮುಗಿಯುತ್ತಾ ಬರುತ್ತವೆ. ಈ ವರ್ಷ ಆಗದಿದ್ದರೆ ಒಣಗಿಸಿ, ಮುಚ್ಚಿಟ್ಟು, ಜೂನ್ ತಿಂಗಳಲ್ಲಿ ಮಾಡಿ. ತಡವಾದರೆ ಪರವಾಗಿಲ್ಲ, ಒದ್ದೆಯ ಮೇಲೆ ಮುಚ್ಚಬೇಡಿ.

ನೈಟ್ರೈಲ್ ಗ್ಲೌಸ್ ಹಾಕದೆ ರೆಸಿನ್ ಮುಟ್ಟಬೇಡಿ. ಎಪಾಕ್ಸಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ. ಉಜ್ಜುವಾಗ ಕನ್ನಡಕ, ಧೂಳಿನ ಮಾಸ್ಕ್, ಉದ್ದ ತೋಳಿನ ಅಂಗಿ. ಗಾಜಿನ ಧೂಳು ಮೈಗೆ ಬಿದ್ದರೆ ತಣ್ಣೀರಲ್ಲೇ ತೊಳೆಯಿರಿ, ಉಜ್ಜಬೇಡಿ. ಆ ಬಟ್ಟೆಯನ್ನು ಮಗುವಿನ ಬಟ್ಟೆ ಜೊತೆ ಮೆಷಿನ್‌ಗೆ ಹಾಕಬೇಡಿ. ಹೇಗೆ ಗೊತ್ತು ಅಂತ ಕೇಳಬೇಡಿ.

ಕೊನೆಗೆ ಬಣ್ಣ. ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕೂರಬಹುದು, ನೀರು ಹಾಕಿ ಉಜ್ಜಿ ತೆಗೆದು ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಮಟ್ಟ ಬಂತಾ ಅಂತ ಕಣ್ಣಲ್ಲಿ ನೋಡಬೇಡಿ. ಕಣ್ಣು ಮುಚ್ಚಿ ಅಂಗೈ ಸವರಿ, ಕಣ್ಣಿಗೆ ಕಾಣದ ಏರಿಳಿತ ಅಂಗೈಗೆ ಸಿಗುತ್ತದೆ. ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ, ಹಾಗಾಗಿ ಪ್ರೈಮರ್ ಮತ್ತು ಬಣ್ಣ ಬಿಡುವಂತಿಲ್ಲ. ಹಳೇ ಬಿಳಿಗೆ ಹೊಸ ಬಿಳಿ ಹೊಂದುವುದಿಲ್ಲ. ಸುತ್ತಲಿನ ಗೋಡೆಯನ್ನು ಮೊದಲು ಪಾಲಿಶ್ ಮಾಡಿ, ಆಮೇಲೆ ಬಣ್ಣ ಹೊಂದಿಸಿ. ತೇಪೆಯ ಮೇಲಷ್ಟೇ ನಿಲ್ಲಿಸದೆ ಯಾವುದಾದರೂ ಪಟ್ಟಿ ಅಥವಾ ಸ್ಟಿಕ್ಕರ್ ಅಂಚಿನವರೆಗೆ ಬಳಿದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ನನ್ನದು ಸಂಜೆ ಬಿಸಿಲಿಗೆ ಈಗಲೂ ಕಾಣುತ್ತದೆ. ನನಗೆ ಬಿಟ್ಟು ಯಾರಿಗೂ ಗೊತ್ತಾಗಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಎಲ್ಲಾನೂ ನಾವೇ ಮಾಡ್ಕೋಬೇಕಾ? ಬಹುಪಾಲು ಹೌದು. ಇಲ್ಲಿ ದುಬಾರಿ ಸಾಮಾನಲ್ಲ, ಇನ್ನೊಬ್ಬರ ಗಂಟೆ. ಆ ಅಂಗಡಿಯವರು ನಿಮಗೆ ಮೋಸ ಮಾಡಿದರು ಅಂತ ನನಗನ್ನಿಸುವುದಿಲ್ಲ. ತೇಪೆ ಹಾಕಿ ನಾಳೆ ಸೋರಿದರೆ ಅವರ ತಲೆಗೆ ಬರುತ್ತದೆ, ಹಾಗಾಗಿ ಇಡೀ ಗೋಡೆಯ ಪದರ ಬದಲಿಸುವ ಲೆಕ್ಕ ಕೊಟ್ಟಿರುತ್ತಾರೆ. ಮನೆಗೇ ಬಂದು ಇಂಥ ಟ್ರೇಲರ್ ರಿಪೇರಿ ಮಾಡುವ ಮೊಬೈಲ್ ಆರ್‌ವಿ ಟೆಕ್ನಿಷಿಯನ್‌ಗಳಿದ್ದಾರೆ. ಬರೀ ನೋಡಿ ಹೇಳುವುದಕ್ಕೆ ಒಂದು ಗಂಟೆ ದುಡ್ಡು ಕೊಟ್ಟು ಕರೆಸಿದರೆ ನಷ್ಟವಿಲ್ಲ. ನೀವಿರುವ ಕಡೆಯಿಂದ ಇಂಡಿಯಾನಾದ ಎಲ್ಕ್‌ಹಾರ್ಟ್ ದೂರವೇನಲ್ಲ. ಈ ದೇಶದ ಟ್ರೇಲರ್‌ಗಳಲ್ಲಿ ದೊಡ್ಡ ಪಾಲು ಆ ಸುತ್ತಮುತ್ತಲೇ ತಯಾರಾಗುತ್ತದೆ. ಫ್ಯಾಕ್ಟರಿಯಲ್ಲಿ ಮಿಕ್ಕಿದ ಪಟ್ಟಿ, ದೀಪ, ಬಾಗಿಲು ಮಾರುವ ಅಂಗಡಿಗಳೂ ಅಲ್ಲಿವೆ.

ಯಾರೂ ಮಾತಾಡಿಸುವುದಿಲ್ಲ ಅಂತಲೂ ಬರೆದಿದ್ದೀರಿ. ಡ್ರೈವ್‌ವೇನಲ್ಲಿ ಟ್ರೇಲರ್ ಪಕ್ಕ ಸ್ಯಾಂಡ್‌ಪೇಪರ್ ಹಿಡಿದು ನಿಂತು ನೋಡಿ, ಆಗ ಬರುತ್ತಾರೆ. ಅರ್ಧ ಜನ ಬರೀ ಸಲಹೆ ಕೊಡುತ್ತಾರೆ. ನಮ್ಮ ಅಜ್ಜ ಮರುದಿನ ಬೆಳಿಗ್ಗೆ ತಮ್ಮ ಸ್ಯಾಂಡರ್, ಎರಡು ಕ್ಲಾಂಪ್, ಒಂದು ಮಡಚುವ ಕುರ್ಚಿ ತಂದಿದ್ದರು. ಕುರ್ಚಿ ಅವರಿಗೆ, ಕೆಲಸ ನನಗೆ.

ಈ ಶನಿವಾರ ಇಷ್ಟು ಮಾಡಿ. ಒಂದು ನಾಣ್ಯ ತಗೊಂಡು ತೂತಿನ ಸುತ್ತ ಗೋಡೆಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಇರುವ ಕಡೆ ಅಂಟು ಸರಿಯಿದೆ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯೊಳಗಿನ ಜಾಗ ಅಳೆದು, ಫೋಟೊ ತೆಗೆದು ನನಗೆ ಕಳಿಸಿ. ಎರಡು ಅಡಿ ದಾಟಿದ್ದರೆ ಇನ್ನೂ ರೆಸಿನ್ ಕೊಳ್ಳಬೇಡಿ, ಮೊದಲು ಫೋನಿನಲ್ಲಿ ಮಾತಾಡೋಣ.