ರದ್ದಿಯಿಂದ ಹಾಳೆ: ಓದುಗರ ಎರಡು ಪ್ರಶ್ನೆ

ಪ್ರಶ್ನೆ: ಹಳೇ ದಿನಪತ್ರಿಕೆ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಕಾಗದ ಮಾಡುತ್ತೇವೆ. ಮಡಚಿದರೆ ಹರಿಯುತ್ತದೆ, ಬರೆದರೆ ಶಾಯಿ ಹಬ್ಬುತ್ತದೆ. ತಪ್ಪೆಲ್ಲಿ?
– ಓದುಗರು, ಬಸವನಗುಡಿ

ಉತ್ತರ: ದಿನಪತ್ರಿಕೆಯ ನಾರು ಮೊದಲೇ ಗಿಡ್ಡ. ಚಟ್ನಿಯಂತೆ ಅರೆದರೆ ಅದೂ ತುಂಡಾಗುತ್ತದೆ. ಹಾಳೆಗೆ ಗಟ್ಟಿತನ ಬರುವುದು ನಾರಿಗೆ ನಾರು ಹೆಣೆದುಕೊಂಡಾಗ. ಹಾಗಾಗಿ ಮುಕ್ಕಾಲು ಪಾಲು ಬರೆದು ಮುಗಿಸಿದ ನೋಟ್‌ಬುಕ್ ಹಾಳೆ, ಪ್ರಿಂಟೌಟ್ ಇರಲಿ. ದಿನಪತ್ರಿಕೆ ಕಾಲು ಪಾಲು ಮೀರದಿರಲಿ. ಮಿರುಗುವ ಲ್ಯಾಮಿನೇಷನ್ ಇರುವ ಲಗ್ನಪತ್ರಿಕೆ ಬೇಡ, ಆ ಪ್ಲಾಸ್ಟಿಕ್ ಪದರ ಕರಗುವುದೇ ಇಲ್ಲ.

ಪಿನ್ ಕಿತ್ತು, ಸಣ್ಣಗೆ ಹರಿದು ರಾತ್ರಿಯಿಡೀ ನೆನೆಸಿ. 1 ಹಿಡಿ ಚೂರಿಗೆ ಮುಕ್ಕಾಲು ಜಾರ್ ನೀರು. 5 ಸೆಕೆಂಡಿಗೊಮ್ಮೆ ನಿಲ್ಲಿಸುತ್ತ ಒಟ್ಟು 20–30 ಸೆಕೆಂಡ್ ತಿರುಗಿಸಿದರೆ ಸಾಕು. 1 ಚಮಚ ತಿರುಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಕಲಕಿ ಬೆಳಕಿಗೆ ಹಿಡಿಯಿರಿ: ಮೋಡದಂತೆ ತೇಲಬೇಕು. ಅಕ್ಷರ ಅಂಟಿದ ಚೂರು ಕಂಡರೆ ಇನ್ನೊಂದು ಸುತ್ತು.

ತಿರುಳನ್ನು ಟಬ್ಬಿನ ನೀರಿಗೆ ಸುರಿದು ಕಲಕಿ. ಜಾಲರಿ ಬಿಗಿದ ಚೌಕಟ್ಟನ್ನು ಅದರೊಳಗೆ ಓರೆಯಾಗಿ ಇಳಿಸಿ, ಮಟ್ಟವಾಗಿ ಎತ್ತಿ. ನೀರು ಸೋರುತ್ತಿರುವಾಗಲೇ ಎಡಬಲ, ಹಿಂದೆಮುಂದೆ ಮೆಲ್ಲಗೆ ಅಲುಗಿಸಿ. ಹೆಣಿಗೆ ಬೀಳುವುದೇ ಆಗ. ಸೋರಿ ಮುಗಿದ ಮೇಲೆ ಅಲುಗಿಸಿದರೆ ಹಾಳೆ ಬಿರಿಯುತ್ತದೆ. ಒದ್ದೆ ಪಂಚೆಯ ತುಂಡಿನ ಮೇಲೆ ಮಗುಚಿ, ಜಾಲರಿಯ ಬೆನ್ನಿಗೆ ಸ್ಪಂಜ್ ಒತ್ತಿ ನೀರು ಹೀರಿ. ಬಟ್ಟೆ ಒಣಗಿದ್ದರೆ ಹಾಳೆ ಜಾಲರಿ ಬಿಟ್ಟು ಬರುವುದಿಲ್ಲ.

ಶಾಯಿ ಹಬ್ಬುವುದಕ್ಕೆ ಮದ್ದು ಗಂಜಿ. 1 ಟೀ ಚಮಚ ಕಾರ್ನ್‌ಫ್ಲೋರನ್ನು 1 ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಒಣಗಿದ ಹಾಳೆಯ ಎರಡೂ ಮೈಗೆ ಬ್ರಷ್ಷಿನಲ್ಲಿ ತೆಳ್ಳಗೆ ಬಳಿಯಿರಿ. ಬಾಲ್ ಪೆನ್ನಿಗೆ ಇಷ್ಟು ಸಾಕು; ಶಾಯಿ ಪೆನ್ನಿಗಾದರೆ ಜಿಲೆಟಿನ್ ಮೇಲು.

ಪ್ರಶ್ನೆ: ಮಳೆಗಾಲದಲ್ಲಿ ಹಾಳೆ ಬೂಸ್ಟು ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಸುರುಳಿ ಸುತ್ತುತ್ತದೆ.
– ಓದುಗರು, ಮಲ್ಲೇಶ್ವರ

ಉತ್ತರ: ಒಣಗಿಸುವ ಮೊದಲು ಹಿಂಡಬೇಕು. ಹಾಳೆಗಳನ್ನು ಬಟ್ಟೆಗಳ ನಡುವೆ ಪೇರಿಸಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ನಿಂತುಕೊಳ್ಳಿ. ಆಮೇಲೆ ಬಟ್ಟೆಯಿಂದ ಬಿಡಿಸದೆ ಫ್ಯಾನ್ ಕೆಳಗೆ ಹರಡಿ. ಬೆಂಗಳೂರಿನ ಜುಲೈನಲ್ಲಿ ಎರಡು ದಿನವಾದರೂ ಬೇಕು, ಅವಸರ ನಡೆಯದು. ಇನ್ನೂ ತುಸು ತೇವವಿರುವಾಗ ಬಿಡಿಸಿ, ದಪ್ಪ ಪುಸ್ತಕಗಳ ಅಡಿ ಇಟ್ಟರೆ ಚಪ್ಪಟೆಯಾಗುತ್ತದೆ. ಬಿಸಿಲಿಗೆ ಒಂದು ಮೈ ಬೇಗ ಒಣಗಿ ಕುಗ್ಗುವುದರಿಂದಲೇ ಸುರುಳಿ.

ಉಳಿದ ತಿರುಳನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನ ಬಾಗಿನಲ್ಲಿ ಕಟ್ಟಿಕೊಂಡರೆ, ಪ್ಲಂಬರ್‌ಗೆ ಕೊಡುವ ದುಡ್ಡಿನಲ್ಲಿ ಅವೆನ್ಯೂ ರಸ್ತೆಯಲ್ಲಿ ಒಳ್ಳೇ ಕಾಗದವೇ ಸಿಗುತ್ತಿತ್ತು! ಬಟ್ಟೆಯಲ್ಲಿ ಸೋಸಿ, ಹಿಂಡಿ ಉಂಡೆ ಕಟ್ಟಿ ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ಎರಡು ಮೂರು ದಿನಕ್ಕೇ ನಾರುತ್ತದೆ.