ಸಿಗ್ನಲ್ ಬಳಿ ನಿಂತವರ ಶ್ವಾಸಕೋಶ

ತುಮಕೂರಿನ ಓದುಗರಿಗೆ,

ನಿಮ್ಮ ತಂದೆಯವರು ಬೆಂಗಳೂರಿನ ಸಂಚಾರ ಠಾಣೆಗಳಲ್ಲೇ ಸೇವೆ ಮುಗಿಸಿದವರು, ಬೀಡಿ–ಸಿಗರೇಟು ಮುಟ್ಟಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂತು, ಇದು ಕೆಲಸ ಕೊಟ್ಟ ಕಾಯಿಲೆಯೇ ಎಂದು ಕೇಳಿದ್ದೀರಿ.

ಒಬ್ಬರ ಗೆಡ್ಡೆಯನ್ನು ಪರೀಕ್ಷಿಸಿ ಇದು ಇಂಥ ಹೊಗೆಯಿಂದಲೇ ಬಂದದ್ದು ಎಂದು ಯಾವ ವೈದ್ಯರೂ ಹೇಳಲಾರರು. ಹಾಗೆಂದು ನಿಮ್ಮ ಅನುಮಾನ ಬುಡವಿಲ್ಲದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನೂ 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನೂ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಅಪಾಯ ತಂಬಾಕಿನಷ್ಟೇ ಎಂದು ಇದರರ್ಥವಲ್ಲ, ಪುರಾವೆ ಅಷ್ಟು ಗಟ್ಟಿಯಾಗಿದೆ ಎಂದಷ್ಟೇ. ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ಎರಡನೇ ಗುಂಪಿನಲ್ಲಿ ಇಟ್ಟರು. ಹೊಗೆ, ರಾತ್ರಿ ಪಾಳಿ ಎರಡೂ ಪೊಲೀಸರಿಗೆ ತಪ್ಪಿದ್ದಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. ಡೀಸೆಲ್ ಕುರಿತ ಪುರಾವೆ ಸಿಕ್ಕಿದ್ದು ಮುಖ್ಯವಾಗಿ ಗಣಿ ಕಾರ್ಮಿಕರು, ರೈಲ್ವೆ ನೌಕರರು, ಲಾರಿ ಚಾಲಕರಿಂದ. ಯಾರು ಎಲ್ಲಿ, ಎಷ್ಟು ವರ್ಷ ಹೊಗೆ ಕುಡಿದರು ಎಂಬ ಲೆಕ್ಕ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಅಗ್ನಿಶಾಮಕ ವೃತ್ತಿಯನ್ನೇ 2022ರಲ್ಲಿ ಮೊದಲ ಗುಂಪಿಗೆ ಸೇರಿಸಿದ್ದಾರೆ. ಪೊಲೀಸ್ ವೃತ್ತಿಗೆ ಅಂಥ ತೀರ್ಮಾನ ಬಂದಿಲ್ಲ. ಈ ಕಾಯಿಲೆ ತಲೆಯೆತ್ತಲು ದಶಕಗಳೇ ಬೇಕು, ಅಷ್ಟರಲ್ಲಿ ನೌಕರರು ನಿವೃತ್ತರಾಗಿರುತ್ತಾರೆ. ಸೇವಾ ಪುಸ್ತಕದಲ್ಲಿ ಬಡ್ತಿ, ವರ್ಗಾವಣೆ, ರಜೆಯ ಲೆಕ್ಕ ಇರುವಂತೆ ಜಂಕ್ಷನ್‌ನಲ್ಲಿ ನಿಂತ ವರ್ಷಗಳ ಲೆಕ್ಕವೂ ಇರಲೇಬೇಕು. ಗೃಹ ಇಲಾಖೆಯನ್ನು ನಾನು ಒತ್ತಾಯಿಸುವುದು ಇದನ್ನೇ. ಹೊಗೆ ಹೆಚ್ಚಿರುವ ಕಡೆ ಒಬ್ಬರನ್ನೇ ವರ್ಷಗಟ್ಟಲೆ ನಿಲ್ಲಿಸದೆ ಸರದಿಯ ಮೇಲೆ ಬದಲಿಸಲಿ.

ಇನ್ನೂ ಸೇವೆಯಲ್ಲಿರುವ ಜೊತೆಗಾರರು ತಂದೆಯವರಿಗಿದ್ದರೆ ಅವರಿಗೆ ಈ ಮಾತು ಮುಟ್ಟಿಸಿ. ಬಟ್ಟೆಯ ಮಾಸ್ಕ್ ದೂಳು ತಡೆದೀತು, ಹೊಗೆಯ ಅತಿಸೂಕ್ಷ್ಮ ಕಣಗಳನ್ನಲ್ಲ. ಮುಖಕ್ಕೆ ಸಂದಿಲ್ಲದಂತೆ ಕೂರುವ ಎನ್–95 ಕೇಳಿ ಪಡೆಯಲಿ. ಉಸಿರು ಊದಿಸುವ ಪರೀಕ್ಷೆ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುತ್ತದೆಯೇ ಹೊರತು ಕ್ಯಾನ್ಸರ್ ಹುಡುಕುವುದಿಲ್ಲ. ಎಕ್ಸ್‌ರೇ ಕಣ್ಣಿಗೂ ಆರಂಭದ ಗೆಡ್ಡೆ ತಪ್ಪಬಹುದು. ಕೆಮ್ಮು ಮೂರು ವಾರ ದಾಟಿದರೆ ವೈದ್ಯರನ್ನು ಕಾಣಲಿ. ಕಫದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬಾರದು. ಸಿಗರೇಟು ಸೇದುತ್ತೀರಾ ಎಂಬ ಪ್ರಶ್ನೆಗೆ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ, ಟ್ರಾಫಿಕ್‌ನಲ್ಲಿ ಇಷ್ಟು ವರ್ಷ ನಿಂತಿದ್ದೇನೆ ಎಂದು ಹೇಳಿ ಕೇಸ್ ಶೀಟಿನಲ್ಲಿ ಬರೆಸಲಿ. ನಿಮ್ಮ ತಂದೆಯವರ ಕೇಸ್ ಶೀಟಿನಲ್ಲೂ ಅದನ್ನು ಈಗಲೇ ಬರೆಸಿ.

– ಸಂಪಾದಕ